ಊರ ಗೀಟು

“ಗುರುಗಳೇ, ಹೊಸ ಕೋಡ್ ಫೈಲ್‌ಗಳು ತಾವಾಗಿಯೇ ಹುಟ್ಟುವಂತೆ ನಾನೊಂದು ಸಾಧನ ಮಾಡಿದ್ದೇನೆ. ಇದರಲ್ಲಿ ತಪ್ಪೇನಾದರೂ ಇದೆಯೇ?”

ಹೀಗೆ ಕೇಳಿದವನು ತಿಪ್ಪೇಶ. ರೇವಣಸಿದ್ಧಯ್ಯನವರ ಬಳಿ ಪ್ರೋಗ್ರಾಂ ಬರೆಯಲು ಕಲಿತವನು. ಈಗ ಒಂದು ಕಂಪನಿಯಲ್ಲಿ ಅದೇ ಕೆಲಸ ಮಾಡುತ್ತಿದ್ದ. ಬಿಡುವು ಸಿಕ್ಕಾಗ ಗುರುಗಳನ್ನು ನೋಡಲು ಬರುತ್ತಿದ್ದ. ಪ್ರಶ್ನೆ ಕೇಳಿದನೇ ಹೊರತು ಅವನಿಗೆ ಬೇಕಾಗಿದ್ದುದು ಶಹಬ್ಬಾಸ್‌ಗಿರಿ.

“ಬಿಡಿಸಿ ಹೇಳು” ಎಂದರು ಗುರುಗಳು.

“ನಮ್ಮ ಪ್ರಾಜೆಕ್ಟಿಗೆ ದಿನವೂ ಹೊಸ ಫೈಲ್‌ಗಳು ಬೇಕಾಗುತ್ತವೆ. ಪ್ರತಿಯೊಂದರ ಆರಂಭದಲ್ಲೂ ಒಂದೇ ಬಗೆಯ ಸಾಲುಗಳು. ಇತರ ಫೈಲ್‌ಗಳನ್ನು ಕರೆದುಕೊಳ್ಳುವ ಸಾಲು, ತಪ್ಪಾದರೆ ಎಚ್ಚರಿಸುವ ಸಾಲು, ಪರೀಕ್ಷೆಗೆ ಬೇಕಾದ ಸಾಲು. ಇಷ್ಟು ದಿನ ಎಲ್ಲರೂ ಯಾವುದೋ ಹಳೆಯ ಫೈಲನ್ನು ನಕಲು ಮಾಡಿಕೊಂಡು, ಒಳಗಿನದನ್ನು ಅಳಿಸಿ, ತಮ್ಮದನ್ನು ಬರೆಯುತ್ತಿದ್ದರು. ಈಗ ಹೆಸರು ಕೊಟ್ಟು ಒಂದು ಕೀಲಿ ಒತ್ತಿದರೆ ಸಾಕು. ಫೈಲ್ ತಯಾರು. ಸೋಮವಾರದಿಂದ ಯಾರೇ ಹೊಸ ಫೈಲ್ ಮಾಡಿದರೂ ನನ್ನ ಸಾಧನದಿಂದಲೇ ಮಾಡಬೇಕು ಎಂದು ಮೇಲಿನವರು ನಿಯಮ ಮಾಡುತ್ತಿದ್ದಾರೆ.”

“ಆ ಸಾಲುಗಳನ್ನು ಎಲ್ಲಿಂದ ತಂದೆ?”

“ಚೆನ್ನಾಗಿ ಓಡುತ್ತಿರುವ ಒಂದು ಫೈಲಿನಿಂದ.”

“ಅದನ್ನು ಬರೆದವರು ಎಲ್ಲಿಂದ ತಂದರು?”

“ಅದಕ್ಕಿಂತ ಹಳೆಯದರಿಂದ ತಂದಿರಬೇಕು.”

ಗುರುಗಳಿಗೆ ನಗು ಬಂತು. “ಕುಳಿತುಕೋ. ನೇಕಾರರ ಕತೆಯೊಂದಿದೆ” ಎಂದು ಶುರು ಮಾಡಿದರು.

ಒಂದು ನೇಕಾರರ ಊರು. ಮನೆಗೊಂದು ಮಗ್ಗ. ಸೀರೆ ನೇಯುವುದೇ ಅವರ ಕಸುಬು. ನಿನಗೆ ಮಗ್ಗ ಗೊತ್ತಿಲ್ಲ. ಸೀರೆ ಅಂಗಡಿಯಲ್ಲೇ ಹುಟ್ಟುತ್ತದೆ ಎಂದುಕೊಂಡವರು ನೀವು. ಆದ್ದರಿಂದ ಮೊದಲು ಅದಿಷ್ಟನ್ನು ಕೇಳಿಸಿಕೋ.

ಸೀರೆಯ ಉದ್ದಕ್ಕೆ ಇರುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಅಡ್ಡಕ್ಕೆ ಹೋಗುವುದು ಹೊಕ್ಕು. ಹಾಸಿನ ಒಂದೊಂದು ಎಳೆಯೂ ಮೊದಲು ದಾರದ ಒಂದು ಕಣ್ಣಿನೊಳಗೆ ತೂರಬೇಕು. ಎಳೆಯನ್ನು ಎತ್ತುವುದೂ ಇಳಿಸುವುದೂ ಆ ಕಣ್ಣು. ಅಲ್ಲಿಂದ ಮುಂದೆ ಅದೇ ಎಳೆ ಹಣಿಗೆಯ ಹಲ್ಲುಗಳ ಸಂದಿಯಲ್ಲಿ ಹಾಯಬೇಕು. ಹಣಿಗೆ ಎಂದರೆ ಉದ್ದನೆಯ ಬಾಚಣಿಗೆ ಎಂದುಕೋ. ಎಳೆಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುತ್ತದೆ. ಎಳೆಗಳೋ ಸಾವಿರಾರು. ಬರಿದಾದ ಮಗ್ಗವೊಂದನ್ನು ಮುಂದಿಟ್ಟುಕೊಂಡು, ಅಷ್ಟನ್ನೂ ಒಂದೊಂದಾಗಿ ಕಣ್ಣಿಗೆ ತೂರಿಸಿ, ಹಣಿಗೆಗೆ ಹಾಯಿಸಿ ತುಂಬುವುದಿದೆಯಲ್ಲ, ಅದು ಸಾಕುಬೇಕಾಗುವ ಕೆಲಸ. ಬೆನ್ನು ಬಿದ್ದುಹೋಗುತ್ತದೆ.

ಅದಕ್ಕೆ ಆ ಜನ ಒಂದು ಉಪಾಯ ಕಂಡುಕೊಂಡಿದ್ದರು. ಸೀರೆ ಮುಗಿದಾಗ ಎಳೆಗಳನ್ನು ಪೂರ್ತಿ ಎಳೆದು ತೆಗೆಯುತ್ತಿರಲಿಲ್ಲ. ಹಣಿಗೆಯ ಮುಂದೆ ಸೀರೆಯನ್ನು ಕತ್ತರಿಸಿಕೊಂಡು, ಎಳೆಗಳ ತುದಿಗಳನ್ನು ಹಣಿಗೆಯಲ್ಲೂ ಕಣ್ಣುಗಳಲ್ಲೂ ಹಾಗೆಯೇ ಉಳಿಸುತ್ತಿದ್ದರು. ಹೊಸ ಹಾಸಿನ ಒಂದೊಂದು ಎಳೆಯನ್ನು ಹಳೆಯ ಒಂದೊಂದು ತುದಿಗೆ ಬೂದಿ ಮುಟ್ಟಿಸಿ ಹೊಸೆದು ಕೂಡಿಸುತ್ತಿದ್ದರು. ಆಮೇಲೆ ಮೆಲ್ಲಗೆ ಎಳೆದರೆ ಆಯಿತು. ಹಳೆಯ ಎಳೆ ಹೋದ ದಾರಿಯಲ್ಲೇ ಹೊಸ ಎಳೆ ಹೋಗಿ ತನ್ನ ಜಾಗದಲ್ಲಿ ನಿಲ್ಲುತ್ತದೆ. ಹೀಗೆ ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹೆಂಗಸರು ಕೆಚ್ಚುವುದನ್ನು ನೀನು ನೋಡಬೇಕು. ಬಾಯಿ ಊರಿನ ಸುದ್ದಿ ಹೇಳುತ್ತಿರುತ್ತದೆ, ಬೆರಳು ತನ್ನ ಪಾಡಿಗೆ ಎಳೆ ಕೂಡಿಸುತ್ತಿರುತ್ತದೆ. ಇದನ್ನು ಕಂಡುಹಿಡಿದವರ ಕೈಗೆ ಬಂಗಾರದ ಕಡಗ ತೊಡಿಸಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಕೆಚ್ಚಿ ಕೆಚ್ಚಿ ಆ ಊರಿನವರು ಮಗ್ಗ ತುಂಬುವುದನ್ನೇ ಮರೆತರು. ತುಂಬಲು ಬಲ್ಲ ಕೊನೆಯ ಮುದುಕ ತೀರಿಕೊಂಡು ಒಂದು ತಲೆಮಾರು ಕಳೆದಿತ್ತು. ಅವನು ಸತ್ತ ದಿನ ಊರಿನ ಯಾವ ಮಗ್ಗವೂ ನಿಲ್ಲಲಿಲ್ಲ. ಹಾಗಾಗಿ ಏನು ಕಳೆಯಿತು ಎನ್ನುವುದು ಯಾರಿಗೂ ತಿಳಿಯಲಿಲ್ಲ. ಮಗ ಬೇರೆ ಮನೆ ಮಾಡಿದರೆ ಅವನಿಗೆ ಹೊಸ ಮಗ್ಗ ಹೂಡುವಂತಿರಲಿಲ್ಲ. ನೇಯುವವರು ಸತ್ತ ಮನೆಯೊಂದನ್ನು ಹುಡುಕಿ, ಅವರ ಹಣಿಗೆಯನ್ನು ಎಳೆಗಳ ಸಮೇತ ಹೊತ್ತು ತರಬೇಕು. ಸಾವಿನ ಮನೆಗೆ ಹೋದವರ ಕಣ್ಣು ಮೊದಲು ಮಗ್ಗದ ಕಡೆ ಹೋಗುತ್ತಿತ್ತು. ಎಷ್ಟು ಹೇಸಿಗೆಯ ಮಾತು ನೋಡು. ಒಳ್ಳೆಯ ಜನರೇ ಅವರು, ಆದರೆ ಹಾಗೆ ಆಗಿಬಿಟ್ಟಿದ್ದರು.

ಇನ್ನೊಂದು ವಿಷಯ. ಆ ಊರಿನ ಎಲ್ಲ ಸೀರೆಗಳಲ್ಲೂ ಒಂದು ಗೀಟು ಇರುತ್ತಿತ್ತು. ಅಂಚಿನಿಂದ ಮೊಳದಷ್ಟು ಒಳಗೆ, ಸೀರೆಯ ಈ ತುದಿಯಿಂದ ಆ ತುದಿಯವರೆಗೆ, ಕೂದಲಿನಷ್ಟು ತೆಳ್ಳಗೆ. ಅಲ್ಲಿ ಒಂದು ಎಳೆ ಇರಲಿಲ್ಲ, ಅಷ್ಟೇ. ಹಣಿಗೆಯ ಒಂದು ಸಂದಿ ಬರಿದಾಗಿತ್ತು. ಹಳೆಯ ಹಾಸಿನಲ್ಲಿ ಅಲ್ಲೊಂದು ತುದಿ ಇಲ್ಲ. ಹಾಗಾಗಿ ಹೊಸ ಹಾಸಿನಲ್ಲೂ ಅಲ್ಲಿಗೆ ಎಳೆ ಇಲ್ಲ. ಇದ್ದುದಕ್ಕೆ ಕೆಚ್ಚಬಹುದು, ಇಲ್ಲದ್ದಕ್ಕೆ ಹೇಗೆ ಕೆಚ್ಚುವುದು?

ಅದನ್ನು ಜನ ಊರ ಗೀಟು ಎಂದು ಕರೆದರು. ಹೆಸರು ಬಿದ್ದ ಮೇಲೆ ಕಾರಣಗಳೂ ಹುಟ್ಟಿದವು. ಸೀರೆಗೆ ಗಾಳಿಯಾಡಲೆಂದು ಹಿರಿಯರು ಬಿಟ್ಟದ್ದು ಎಂದು ಒಬ್ಬ ಹೇಳಿದ. ದೇವಿ ಓಡಾಡುವ ದಾರಿ ಎಂದು ಇನ್ನೊಬ್ಬ ಹೇಳಿದ. ಪೇಟೆಯ ಅಂಗಡಿಯವರು ಸೀರೆಯನ್ನು ಬೆಳಕಿಗೆ ಹಿಡಿದು, ಗೀಟು ಕಂಡರೆ ಮಾತ್ರ ಇದು ಆ ಊರಿನ ಅಸಲಿ ಮಾಲು ಎಂದು ಒಪ್ಪುತ್ತಿದ್ದರು.

ಇಲ್ಲಿ ತಿಪ್ಪೇಶ ತಡೆಯಲಾರದೆ ನಡುವೆ ಬಾಯಿ ಹಾಕಿದ. “ನಮ್ಮಲ್ಲೂ ಅಂಥದೊಂದು ಸಾಲಿದೆ, ಗುರುಗಳೇ. ಎಲ್ಲ ಫೈಲಿನಲ್ಲೂ ಇದೆ. ಪ್ರೋಗ್ರಾಂ ಶುರುವಾಗುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನೆ ಕಾಯುವಂತೆ ಅದು ಹೇಳುತ್ತದೆ. ಪಕ್ಕದಲ್ಲಿ ‘ದಯವಿಟ್ಟು ತೆಗೆಯಬೇಡಿ’ ಎಂದು ಯಾರೋ ಬರೆದಿದ್ದಾರೆ. ಏಕೆ ಎಂದು ಬರೆದಿಲ್ಲ.”

“ನಿನ್ನ ಸಾಧನದಲ್ಲಿ ಅದನ್ನೂ ಸೇರಿಸಿದೆಯಾ?”

“ಸೇರಿಸಿದೆ.”

“ಸರಿ, ಕತೆ ಕೇಳು” ಎಂದರು ಗುರುಗಳು.

ಆ ಊರಿನಲ್ಲಿ ಒಬ್ಬ ಹೆಂಗಸು ಇದ್ದಳು. ಮಗ್ಗದ ಕೆಲಸದಲ್ಲಿ ಪಳಗಿದವಳು. ಗಂಡ ನೂಲು ಸುತ್ತಿಕೊಡುತ್ತಿದ್ದ, ಆಕೆ ನೇಯುತ್ತಿದ್ದಳು. ಒಬ್ಬಳೇ ಮಗಳು. ಮಗಳ ಮದುವೆಗೆ ತಾಯಿ ತಾನೇ ಸೀರೆ ನೇಯ್ದಳು. ಅಷ್ಟು ಚೆಂದದ ಸೀರೆಯನ್ನು ಆಕೆ ಹಿಂದೆ ನೇಯ್ದಿರಲಿಲ್ಲ. ಊರ ಗೀಟು ಅದರಲ್ಲೂ ಇತ್ತು. ಇರಲೇಬೇಕಲ್ಲ.

ಮದುವೆಯಾಗಿ ಮಗಳು ಗಂಡನ ಮನೆಯ ಹೊಸ್ತಿಲ ಮೇಲೆ ನಿಂತಳು. ಸೇರಕ್ಕಿ ಒದ್ದು ಒಳಗೆ ಬರಬೇಕು. ಕಾಲೆತ್ತಿದಳು. ಹಿಂದೆ ನಿಂತಿದ್ದವರು ಯಾರೋ ಸೀರೆಯ ಅಂಚು ತುಳಿದಿದ್ದರು. ಸೀರೆ ಗೀಟಿನ ಉದ್ದಕ್ಕೂ ಪರ್ರನೆ ಹರಿಯಿತು. ಮೊಣಕಾಲಿನಿಂದ ಕೆಳಗೆ ಸೀರೆಯೇ ಬೇರೆಯಾಯಿತು. ತುಂಡು ಕಾಲಿಗೆ ತೊಡರಿ ಮದುಮಗಳು ಹೊಸ್ತಿಲ ಮೇಲೆ ಬಿದ್ದಳು. ಅಕ್ಕಿ ಚೆಲ್ಲಿತು. ನೆರೆದವರಲ್ಲಿ ಕೆಲವರು ನಕ್ಕರು, ಕೆಲವರು ಅಪಶಕುನ ಎಂದರು.

ಅತ್ತೆ ಕೆಟ್ಟವಳಲ್ಲ. ಓಡಿಬಂದು ತನ್ನ ಸೆರಗನ್ನೇ ಸೊಸೆಯ ಕಾಲಿಗೆ ಹೊದಿಸಿದಳು. ಆಮೇಲೆ ಮಗಳ ಜೊತೆ ಬಂದಿದ್ದ ಬೀಗಿತ್ತಿಯ ಕಡೆ ತಿರುಗಿದಳು.

“ಇದನ್ನ ನೇಯ್ದಾವ್ರು ಯಾರು?”

“ನಾನ ನೇಯ್ದೀನ್ರಿ. ಆದ್ರ ಆ ಗೀಟು ನಂದಲ್ರಿ. ಅದು ಊರಿಂದು. ಮೊದಲಿಂದ ಬಂದದ್ದು.”

“ಊರು ಬಂದು ನನ್ನ ಸೊಸಿ ಮೈ ಮುಚ್ಚತೈತೇನವ್ವಾ?”

ತಾಯಿಯ ಜೀವ ಹಿಡಿಯಷ್ಟಾಯಿತು. ಮಗಳು ತಲೆ ಎತ್ತದೆ ಅಳುತ್ತಿದ್ದಳು. ಅದನ್ನು ನೋಡಿ ತಾಯಿ ಎಲ್ಲರ ಮುಂದೆ ಮಾತು ಕೊಟ್ಟಳು. “ಮಗಳ ಕುಬಸಕ್ಕ ಗೀಟಿಲ್ಲದ ಹಸರು ಸೀರಿ ತರ್ತೀನಿ. ನಾನ ನೇಯ್ದು ತರ್ತೀನಿ. ತರೂದು ಆಗಲಿಲ್ಲಂದ್ರ ಈ ಹೊಸ್ತಿಲಾ ತುಳಿಯೂದಿಲ್ಲ.”

ಕುಬಸ ಎಂದರೆ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸುವ ಶಾಸ್ತ್ರ. ತವರಿನಿಂದ ತಾಯಿ ಬಾರದಿದ್ದರೆ ಆ ಬಸುರಿಗೆ ಅದಕ್ಕಿಂತ ದೊಡ್ಡ ಕೊರಗಿಲ್ಲ. ಆಕೆ ಮಗಳ ಮುಖ ನೋಡುವ ಹಕ್ಕನ್ನೇ ಒತ್ತೆಯಿಟ್ಟು ಊರಿಗೆ ಬಂದಳು.

ಬಂದವಳು ಮೊದಲು ಸುಲಭದ ದಾರಿ ಹುಡುಕಿದಳು. ನೀನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ. ಬರಿದಾದ ಸಂದಿಯಲ್ಲಿ ಒಂದು ಎಳೆಯನ್ನು ತುರುಕಿ ನೇಯ್ದಳು. ಆ ಎಳೆಗೆ ಕಣ್ಣು ಇರಲಿಲ್ಲ. ಅದು ಏಳಲೂ ಇಲ್ಲ, ಇಳಿಯಲೂ ಇಲ್ಲ, ಬಟ್ಟೆಯ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು. ಪಕ್ಕದ ಎಳೆಯ ಕಣ್ಣಿಗೇ ಅದನ್ನೂ ಸೇರಿಸಿ ನೋಡಿದಳು. ಎರಡೂ ಜೊತೆಯಾಗಿ ಎದ್ದವು. ಇದ್ದ ಗೀಟು ಹೋಗಿ ದಪ್ಪನೆಯ ಇನ್ನೊಂದು ಗೀಟು ಬಂತು. ಅದಕ್ಕೆಂದೇ ಹೊಸ ಕಣ್ಣು ಕಟ್ಟಿದಳು. ಮಗ್ಗದಲ್ಲಿ ಒಂದು ಎಳೆ ಏಳುವಾಗ ಅದರ ಪಕ್ಕದ್ದು ಇಳಿಯಬೇಕು. ನಡುವೆ ಹೊಸದೊಂದು ಬಂದು ಕುಳಿತರೆ ಆಚೆಗಿನ ಸರದಿಯೆಲ್ಲ ತಪ್ಪುತ್ತದೆ. ಮೇಲೆ ಮೇಲೆ ತೇಪೆ ಹಾಕಿ ಪ್ರಯೋಜನವಿಲ್ಲ ಎಂದು ಆಕೆಗೆ ಆಗ ಮನದಟ್ಟಾಯಿತು. ಹಳೆಯ ತುದಿಗಳನ್ನೆಲ್ಲ ಕತ್ತರಿಸಿ ತೆಗೆದು, ಮಗ್ಗವನ್ನು ಬರಿದು ಮಾಡಿ, ಮೊದಲ ಎಳೆಯಿಂದ ತುಂಬಬೇಕು.

ತುಂಬಲು ಆಕೆಗೆ ಬರುತ್ತಿರಲಿಲ್ಲ. ಊರಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ತುಂಬಲಾಗದಿದ್ದರೆ ಆ ಮಗ್ಗ ಎಂದೆಂದಿಗೂ ಮೂಕ. ಇದ್ದುದು ಅದೊಂದೇ ಮಗ್ಗ.

ನೇಕಾರರ ಹಿರಿಯನ ಬಳಿಗೆ ಹೋಗಿ, ಮಗ್ಗ ಬರಿದು ಮಾಡುತ್ತೇನೆ ಎಂದಳು. ಹಿರಿಯ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. ತನ್ನ ಪಡಸಾಲೆಯ ಮೂಲೆ ತೋರಿಸಿದ. ಅಲ್ಲಿ ಒಂದು ಮಗ್ಗದ ಚೌಕಟ್ಟು ಗೋಡೆಗೆ ಒರಗಿತ್ತು.

“ಅದರ ಎಳಿ ಇಲಿ ಕಡದಿದ್ವು. ಮತ್ತ ತುಂಬಾವ್ರು ಸಿಗಲಿಲ್ಲ. ಹಣಿಗಿ ಒಲಿಗಿ ಹಾಕಿದ್ರು, ಊರು ಬಿಟ್ಟು ಹೋದ್ರು. ನಮ್ಮದು ಕೆಚ್ಚೂ ಊರು ನನ್ನವ್ವಾ. ಕತ್ತರಿಸೂ ಊರಲ್ಲ.”

“ನನ್ನ ಮಗಳು ಬಿದ್ದಾಗ ಊರು ಬಂದು ಎಬ್ಬಿಸಲಿಲ್ರಿ” ಎಂದು ಹೇಳಿ ಆಕೆ ಮನೆಗೆ ಬಂದಳು.

ಸುದ್ದಿ ಆಕೆಗಿಂತ ಮೊದಲೇ ಮನೆ ಸೇರಿತ್ತು. ಗಂಡ ಕತ್ತರಿ ಅಡಗಿಸಿಟ್ಟಿದ್ದ. ಆಕೆ ಹುಡುಕುವ ಗೋಜಿಗೆ ಹೋಗಲಿಲ್ಲ. ಅಡುಗೆಮನೆಯಿಂದ ಈಳಿಗೆ ತಂದಳು. ಬದನೆಕಾಯಿ ಹೆಚ್ಚುವ ಈಳಿಗೆ. ಮಗ್ಗದ ಮುಂದೆ ಕುಳಿತು, ಹಣಿಗೆಯಲ್ಲಿದ್ದ ತುದಿಗಳನ್ನು ಹಿಡಿ ಹಿಡಿಯಾಗಿ ಹಿಡಿದು ಕೊಯ್ದು ಕೆಡವಿದಳು. ಕೆಚ್ಚು ಎಂಬ ಮಾತಿಗೆ ನಮ್ಮಲ್ಲಿ ಎದೆಗಾರಿಕೆ ಎಂದೂ ಅರ್ಥವಿದೆ. ಆ ಊರಿನವರು ದಿನ ಬೆಳಗಾದರೆ ಕೆಚ್ಚುತ್ತಿದ್ದರು. ಆದರೂ ಆ ಇನ್ನೊಂದು ಅರ್ಥವನ್ನು ಯಾರೂ ಕಣ್ಣಿಂದ ಕಂಡಿರಲಿಲ್ಲ. ಅಂದು ನೆರೆಮನೆಯವರು ಬಾಗಿಲಲ್ಲಿ ನಿಂತು ಕಂಡರು. ಗಂಡ ತಲೆಯ ಮೇಲೆ ಕೈಹೊತ್ತು ಕುಳಿತ.

ಆಮೇಲೆ ಆಕೆ ತುಂಬತೊಡಗಿದಳು. ಒಂದೊಂದು ಎಳೆಯನ್ನು ಕಣ್ಣಿಗೆ ತೂರಿಸಿ, ಹಣಿಗೆಗೆ ಹಾಯಿಸಿ, ಮತ್ತೊಂದು, ಮತ್ತೊಂದು. ಅರ್ಧ ತುಂಬಿ ಮಗ್ಗದ ಕಾಲುಮಣೆ ತುಳಿದು ನೋಡಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಾಯಿಯೇ ಬಿಡಲಿಲ್ಲ. ಹೊಕ್ಕಿನ ಎಳೆ ಒಯ್ಯುವ ಲಾಳಿ ತೂರಲು ಜಾಗವಿಲ್ಲ. ಎಲ್ಲೋ ಒಂದು ಎಳೆ ತನ್ನ ಕಣ್ಣು ಬಿಟ್ಟು ಬೇರೆ ಕಣ್ಣಿಗೆ ಹೋಗಿತ್ತು. ಯಾವುದೆಂದು ತಿಳಿಯದು. ಎಲ್ಲವನ್ನೂ ಎಳೆದು ತೆಗೆದಳು. ಮತ್ತೆ ತುಂಬಿದಳು. ಮತ್ತೆ ತಪ್ಪಿತು. ನೆರೆಯವರು ಸಾವಿನ ಮನೆಗೆ ಬಂದಂತೆ ಬಂದು, ಸ್ವಲ್ಪ ಹೊತ್ತು ಕುಳಿತು ಎದ್ದು ಹೋಗುತ್ತಿದ್ದರು. ಆಕೆಗೆ ಸಿಟ್ಟು ಬರುತ್ತಿತ್ತು, ಅಳು ಬರುತ್ತಿತ್ತು. ಎರಡನ್ನೂ ನುಂಗಿ ಮತ್ತೆ ಕುಳಿತುಕೊಳ್ಳುತ್ತಿದ್ದಳು. ಈ ನಡುವೆ ಮಗಳು ಬಸುರಿ ಎಂಬ ಸುದ್ದಿ ಬಂತು. ಸಂತೋಷಪಡಬೇಕಾದ ಸುದ್ದಿ ಕೇಳಿ ಆಕೆ ಕುಬಸಕ್ಕೆ ಉಳಿದ ತಿಂಗಳುಗಳನ್ನು ಎಣಿಸತೊಡಗಿದಳು.

ಒಂದು ದಿನ ಗಂಡ ಬಂದು ಹಣಿಗೆಯ ಆಚೆ ಬದಿಗೆ ಕುಳಿತ. ಒಂದು ಎಳೆ ಎತ್ತಿ ಕೊಟ್ಟ. ಆಕೆ ತೆಗೆದುಕೊಂಡಳು. ಅಂದಿನಿಂದ ಒಬ್ಬರು ಕೊಡುವುದು, ಒಬ್ಬರು ಎಳೆದುಕೊಳ್ಳುವುದು. ತಪ್ಪು ಕಡಿಮೆಯಾಯಿತು. ಇದು ಇಬ್ಬರು ಮಾಡುವ ಕೆಲಸ ಎನ್ನುವುದನ್ನೂ ಊರು ಮರೆತಿತ್ತು.

ಹೀಗೆ ತುಂಬುತ್ತ ತುಂಬುತ್ತ ಹಿಂದೆ ಬರಿದಾಗಿದ್ದ ಆ ಸಂದಿಗೆ ಬಂದರು. ಅಲ್ಲಿ ಆಕೆಯ ಕೈ ತಡೆಯಿತು. ಮನಸ್ಸಿನಲ್ಲಿ ಒಂದು ಅಳುಕು. ಹಿರಿಯರು ಸುಮ್ಮನೆ ಬಿಟ್ಟಾರೆಯೇ? ಬಿಡಲು ಏನೋ ಕಾರಣ ಇದ್ದೀತು. ತುಂಬಿದರೆ ಏನಾದೀತೋ.

ಊರಿನ ಮೊದಲ ಹಣಿಗೆ ಹಿರಿಯನ ಮನೆಯ ದೇವರ ಗೂಡಿನಲ್ಲಿತ್ತು. ಊರಿನ ಮೊದಲ ನೇಕಾರನದು. ಉಳಿದವರೆಲ್ಲ ತಮ್ಮ ಹಣಿಗೆಗಳನ್ನು ಅದನ್ನು ನೋಡಿ ನೋಡಿಯೇ ತುಂಬಿಸಿಕೊಂಡಿದ್ದರು. ಈಗ ಅದನ್ನು ಪೂಜಿಸುತ್ತಿದ್ದರು, ನೋಡುತ್ತಿರಲಿಲ್ಲ. ಮೇಲೆ ಕುಂಕುಮ ಗಟ್ಟಿಯಾಗಿ ಕೂತಿತ್ತು. ಆಕೆ ಹೋಗಿ ಕೈಮುಗಿದು, ಸೆರಗು ಒದ್ದೆ ಮಾಡಿ ಕುಂಕುಮ ಒರೆಸತೊಡಗಿದಳು. ಹಿರಿಯ ಕೂಗಾಡಿದ. ಆಕೆ ಒರೆಸುವುದನ್ನು ನಿಲ್ಲಿಸಲಿಲ್ಲ. ಅಂಚಿನಿಂದ ಮೊಳದಷ್ಟು ಒಳಗೆ, ಎರಡು ಹಲ್ಲುಗಳು ಬಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅವುಗಳ ನಡುವೆ ಸಂದಿಯೇ ಇರಲಿಲ್ಲ.

ಹಿರಿಯನೂ ಬಗ್ಗಿ ನೋಡಿದ. ಕೂಗಾಟ ನಿಂತಿತು.

ತಿಳಿಯಿತೇ? ಆ ಮೊದಲ ನೇಕಾರ ತಪ್ಪು ಮಾಡಿರಲಿಲ್ಲ. ಅವನ ಹಣಿಗೆಯಲ್ಲಿ ಹಲ್ಲು ಬಾಗಿತ್ತು, ಎಳೆ ಹಾಯುವಂತಿರಲಿಲ್ಲ, ಆ ಜಾಗ ಬಿಟ್ಟ. ಬುದ್ಧಿವಂತ. ಅವನನ್ನು ನೋಡಿ ತುಂಬಿಸಿಕೊಂಡವರ ಹಣಿಗೆಯಲ್ಲಿ ಹಲ್ಲುಗಳು ನೆಟ್ಟಗಿದ್ದವು. ಆದರೂ ಬಿಟ್ಟರು. ಅವನ ಕಷ್ಟ ಇವರಿಗೆ ಇರಲಿಲ್ಲ. ಅವನು ಕಷ್ಟಕ್ಕೆ ಕಂಡುಕೊಂಡ ದಾರಿ ಮಾತ್ರ ಇವರಿಗೆ ಬಂತು.

ಆಕೆ ಮನೆಗೆ ಬಂದು ಆ ಸಂದಿಗೆ ಎಳೆ ಹಾಯಿಸಿದಳು.

ಕುಬಸದ ದಿನ ಬೀಗರ ಮನೆಯ ಹೊಸ್ತಿಲ ಹೊರಗೆ ನಿಂತು ಆಕೆ ಸೀರೆಯನ್ನು ಒಳಗೆ ನೀಡಿದಳು. ತಾನು ಒಳಗೆ ಕಾಲಿಡಲಿಲ್ಲ. ಅತ್ತೆ ಸೀರೆ ಬಿಡಿಸಿ ಬೆಳಕಿಗೆ ಹಿಡಿದಳು. ಆಮೇಲೆ ಅದನ್ನು ಮುಷ್ಟಿಗಳಲ್ಲಿ ಹಿಡಿದು, ಹಲ್ಲು ಕಚ್ಚಿ, ಗೀಟು ಇರಬೇಕಾಗಿದ್ದ ಕಡೆಯಲ್ಲೇ ಜಗ್ಗಿದಳು. ಗಟ್ಟಿ ಹೆಂಗಸು. ಸೀರೆ ಜಗ್ಗಲಿಲ್ಲ.

“ಒಳಗ ಬಾರವ್ವಾ. ನಿನ್ನ ಮಗಳಿಗೆ ನೀನ ಉಡಸು” ಎಂದಳು.

ತಾಯಿ ಒಳಗೆ ಹೋದಳು. ಮಗಳು ತಾಯಿಯ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ತಾಯಿಯೂ ಅತ್ತಳು. ಅಷ್ಟು ದಿನ ನುಂಗಿದ್ದೆಲ್ಲ ಅಲ್ಲಿ ಹೊರಗೆ ಬಂತು.

ಊರಿಗೆ ಮರಳಿದ ಮೇಲೂ ಆಕೆಗೆ ಸುಖವೇನೂ ಕಾದಿರಲಿಲ್ಲ. ಅಂಗಡಿಯವನು ಆಕೆಯ ಮುಂದಿನ ಸೀರೆಯನ್ನು ಬೆಳಕಿಗೆ ಹಿಡಿದು, “ಗೀಟೆಲ್ಲೈತಿ? ಇದು ನಿಮ್ಮೂರ ಮಾಲಲ್ಲ” ಎಂದು ಹಿಂದಕ್ಕೆ ತಳ್ಳಿದ. ಆಕೆ ಗೀಟು ಮತ್ತೆ ಹಾಕಲಿಲ್ಲ. ಸೀರೆ ಹೊತ್ತು ಬೇರೆ ಪೇಟೆಗೆ ನಡೆದಳು. ಹೀಗೆ ಎಷ್ಟೋ ಕಾಲ ನಡೆದಳು. ಗೀಟಿನ ಸೀರೆಗಳು ಅಲ್ಲಲ್ಲಿ ಹರಿಯುತ್ತ ಹೋದಂತೆ ಜನ ಆಕೆಯ ಸೀರೆ ಕೇಳತೊಡಗಿದರು.

ಆಗ ಊರಿನವರು ಆಕೆಯ ಮನೆಗೆ ಬಂದರು. “ನಿನ್ನ ಹಣಿಗಿ ನೋಡಿ ನಮಗೂ ಒಂದೊಂದು ತುಂಬಿಸಿ ಕೊಡು. ಕೆಚ್ಚಿಕೊಂಡು ಹೋಗ್ತೀವಿ” ಎಂದರು.

“ತುಂಬೂದು ಹೇಳಿಕೊಡ್ತೀನಿ. ತುಂಬಿಸಿ ಕೊಡೂದಿಲ್ಲ. ಮೊದಲ ನಿಮ್ಮ ನಿಮ್ಮ ಹಣಿಗಿ ಬರಿದು ಮಾಡಿಕೊಂಡು ಬರ್ರಿ” ಎಂದಳು ಆಕೆ.

ಗೊಣಗುತ್ತ ಎದ್ದು ಹೋದವರೇ ಹೆಚ್ಚು. ಕೆಲವರು ಬರಿದು ಮಾಡಿಕೊಂಡು ಬಂದರು. ಆ ಕೆಲವರಿಂದ ಆ ಊರಿನಲ್ಲಿ ಮತ್ತೆ ಹೊಸ ಮಗ್ಗಗಳು ಎದ್ದವು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಆಮೇಲೆ ತಿಪ್ಪೇಶನನ್ನು ಕೇಳಿದರು. “ಆ ಹಸಿರು ಸೀರೆ ಮುಗಿಯಿತಲ್ಲ. ಮುಂದಿನ ಸೀರೆಗೆ ಆಕೆ ಮಗ್ಗ ಹೂಡಿದ್ದು ಹೇಗೆ?”

“ಮತ್ತೆ ಬರಿದು ಮಾಡಿ, ಮೊದಲ ಎಳೆಯಿಂದ ತುಂಬಿದಳು” ಎಂದ ತಿಪ್ಪೇಶ. ಅವನ ದನಿ ಇಳಿದಿತ್ತು. ಸೋಮವಾರದ ನಿಯಮವನ್ನು ಹಿಂದಕ್ಕೆ ತೆಗೆಸಬೇಕಾಗುತ್ತದೆ ಎಂದು ಅವನಿಗೆ ಆಗಲೇ ಅನ್ನಿಸಿತ್ತು.

“ಮಂಕೇ. ಆಕೆಗೇನು ತಲೆ ಕೆಟ್ಟಿತ್ತೇ? ಕೆಚ್ಚಿದಳು. ಎಲ್ಲರ ಹಾಗೆ ಬೂದಿ ಮುಟ್ಟಿಸಿ, ನೆರೆಯವರ ಸುದ್ದಿ ಹೇಳುತ್ತ ಕೆಚ್ಚಿದಳು. ಬದುಕಿರುವ ತನಕ ಕೆಚ್ಚಿದಳು. ಒಮ್ಮೆ ಗೊತ್ತಾದದ್ದನ್ನು ದಿನವೂ ಬೆನ್ನು ಮುರಿದುಕೊಂಡು ಮಾಡಬೇಕೆಂದು ನಾನು ಯಾವಾಗ ಹೇಳಿದೆ?”

ತಿಪ್ಪೇಶನ ಮುಖ ಅರಳಿತು. ಚೀಲದಿಂದ ತನ್ನ ಲ್ಯಾಪ್‌ಟಾಪ್ ತೆಗೆದು ಗುರುಗಳ ಮುಂದೆ ಇಟ್ಟ. “ಹಾಗಾದರೆ ನನ್ನ ಸಾಧನದಲ್ಲಿ ತಪ್ಪಿಲ್ಲ. ಸೋಮವಾರ ಎಲ್ಲರಿಗೂ ಕೊಟ್ಟುಬಿಡುತ್ತೇನೆ” ಎಂದ.

ಗುರುಗಳು ಲ್ಯಾಪ್‌ಟಾಪನ್ನು ಅವನ ಕಡೆಗೇ ತಿರುಗಿಸಿದರು. “ಸೋಮವಾರ ಕೊಡು. ಅದಕ್ಕೆ ಮೊದಲು ಈಗ ಇಲ್ಲೇ ಒಂದು ಖಾಲಿ ಫೈಲ್ ತೆರೆದು, ಯಾವುದನ್ನೂ ನೋಡದೆ ಮೊದಲ ಸಾಲು ಬರೆ, ಅದು ಏಕೆ ಬೇಕೆಂದು ನನಗೆ ಹೇಳು.”